ತೋಟದ ಕೆರೆಯ ದಡದ ಹಳು ಸವರುವುದು ಹೇಗೆ

ಮೊದಲೇ ಹೇಳಿಬಿಡುತ್ತೇನೆ, ಜೆಸಿಬಿಗೆ ಫೋನ್ ಮಾಡಬೇಡಿ. ನಾನು ಮಾಡಿದ್ದೆ. ಸಾಗರದ ಕಡೆ ನಮ್ಮ ಅಡಿಕೆ ತೋಟದ ತಲೆಗೆ ಐದಾರು ಗುಂಟೆಯ ಒಂದು ಪುಟ್ಟ ಕೆರೆ ಇದೆ. ಸುತ್ತ ಜೊಂಡು, ಲಂಟಾನ, ಹೆಸರು ಗೊತ್ತಿಲ್ಲದ ಬಳ್ಳಿಗಳು ಎಲ್ಲ ಸೇರಿ ಎಷ್ಟು ಹಳು ಬೆಳೆದಿತ್ತೆಂದರೆ ನೀರು ಎಲ್ಲಿಂದ ಶುರು ಅಂತ ಕಾಲಿಟ್ಟೇ ತಿಳಿಯಬೇಕಿತ್ತು. ಮೆಷಿನ್ನು ಬಂದು ಅರ್ಧ ದಿನದಲ್ಲಿ ದಡವನ್ನೆಲ್ಲ ಕೆರೆದು ಬೋಳು ಮಾಡಿ ಹೋಯಿತು. ನೋಡಲು ಏನು ಚೆಂದ! ಫೋಟೋ ತೆಗೆದು ನೆಂಟರಿಗೆಲ್ಲ ಕಳಿಸಿದ್ದೂ ಆಯಿತು. ಆ ವರ್ಷ ಮಳೆ ಹಿಡಿದು ವಾರ ಕಳೆಯುವಷ್ಟರಲ್ಲಿ ಮೇಲಿನ ಧರೆ ಎರಡು ಕಡೆ ಜಾರಿ ಸೀದಾ ಕೆರೆಗೇ ಬಿತ್ತು. ಮರುವರ್ಷ ಅದೇ ಹೊಸ ಹೂಳಿನ ಮೇಲೆ ಮೊದಲಿಗಿಂತ ದಟ್ಟವಾಗಿ ಜೊಂಡು ಎದ್ದಿತು. ತಪ್ಪು ಮೆಷಿನ್ನಿನವನದಲ್ಲ, ಕೆರೆಯಲು ಹೇಳಿದವನು ನಾನೇ.

ಆಮೇಲಿನ ವರ್ಷಗಳಲ್ಲಿ ಕೈಯಲ್ಲೇ ಸವರುತ್ತ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಮಲೆನಾಡಿನ ಸಣ್ಣ ಕೆರೆಗೆ ಇದು ಹೊಂದುತ್ತದೆ. ಬಯಲುಸೀಮೆಯವರಿಗೂ ಮುಕ್ಕಾಲು ಭಾಗ ಹೊಂದೀತು, ಅಲ್ಲಿ ಲಂಟಾನದ ಜಾಗದಲ್ಲಿ ಬಳ್ಳಾರಿ ಜಾಲಿ ಇರುತ್ತದೆ ಅಷ್ಟೇ.

ಕತ್ತಿ ಹಿಡಿಯುವ ಮೊದಲು ಒಂದು ದಿನ ಸುಮ್ನೆ ಕೆರೆ ಸುತ್ತಿ. ಯಾವ ಕಡೆಯಿಂದ ನೀರು ಒಳಗೆ ಬರುತ್ತದೆ, ಏರಿ ಎಲ್ಲಿದೆ, ಕೋಡಿ ಎಲ್ಲಿ, ತೂಬು ಎಲ್ಲಿ, ಪಂಪಿನ ಪೈಪು ಇಳಿಯುವುದು ಎಲ್ಲಿ, ದನ ನೀರು ಕುಡಿಯುವುದು ಎಲ್ಲಿ, ಇಷ್ಟನ್ನು ನೋಡಿಕೊಳ್ಳಿ. ಎಲ್ಲ ಕಡೆಗೂ ಒಂದೇ ಲೆಕ್ಕ ನಡೆಯುವುದಿಲ್ಲ. ನೀರು ಒಳಗೆ ಬರುವ ಬಾಯಲ್ಲಿ ಐದಾರು ಅಡಿ ಅಗಲಕ್ಕೆ ಜೊಂಡು, ಹುಲ್ಲು ಇರಲೇಬೇಕು. ಗುಡ್ಡದ ಮಣ್ಣನ್ನು ತಡೆಯುವ ಜರಡಿ ಅದು, ಅದನ್ನು ತೆಗೆದರೆ ಹೂಳೆಲ್ಲ ನಿಮ್ಮ ಕೆರೆಯ ಹೊಟ್ಟೆಗೆ. ಏರಿಯ ಮೇಲೆ ಗಿಡಗಂಟಿ ಬೇಡ, ಆದರೆ ಗಿಡ್ಡ ಹುಲ್ಲು ಹಾಸು ಬೇಕು. ಪಂಪು, ಮೆಟ್ಟಿಲು ಇರುವ ಕಡೆ ಎಂಟು ಹತ್ತಡಿ ಪೂರ್ತಿ ಬಿಡಿಸಿ, ಅಲ್ಲಿ ಮುಲಾಜು ಬೇಡ. ಕೋಡಿಯ ದಾರಿಯಲ್ಲಂತೂ ಒಂದು ಕಡ್ಡಿಯೂ ಇರಬಾರದು. ಜಡಿಮಳೆಯಲ್ಲಿ ಕೋಡಿಗೆ ಕಸ ಅಡ್ಡ ಸಿಕ್ಕಿಕೊಂಡರೆ ನೀರು ಏರಿಯ ಮೇಲೆ ಹತ್ತುತ್ತದೆ, ಮಣ್ಣಿನ ಏರಿಯ ಮೇಲೆ ನೀರು ಹರಿಯಿತೆಂದರೆ ಕೆಳಗಿನ ತೋಟದ ಕತೆ ಮುಗಿಯಿತು. ಉಳಿದ ದಡವನ್ನು ಮೂರು ಪಾಲು ಮಾಡಿ, ವರ್ಷಕ್ಕೆ ಒಂದು ಪಾಲು ಸವರಿ. ಮೂರು ವರ್ಷವಾ ಅಂತ ಅನ್ನಿಸುತ್ತದೆ, ನಿಜ. ಒಂದೇ ಸಲ ಸವರಿದರೆ ಕಪ್ಪೆ, ಮೀನಿನ ಮರಿ, ಏರೋಪ್ಲೇನ್ ಚಿಟ್ಟೆಯ ಹುಳ ಎಲ್ಲಕ್ಕೂ ಒಟ್ಟಿಗೇ ಮನೆ ಹೋಗುತ್ತದೆ, ಆಮೇಲೆ ಸೊಳ್ಳೆ ಮರಿಯನ್ನು ತಿನ್ನುವವರು ಯಾರು?

ಯಾವಾಗ ಮಾಡಬೇಕು? ಮಳೆಗಾಲದಲ್ಲಂತೂ ಬೇಡ. ದಡ ಜಾರುತ್ತದೆ ಅನ್ನುವುದು ಒಂದು. ಹುಂಡುಕೋಳಿ ಜೊಂಡಿನೊಳಗೆ ಗೂಡು ಕಟ್ಟುವುದೂ ನೀರಿನ ಮೇಲೆ ಬಾಗಿದ ಕೊಂಬೆಗೆ ಗೀಜಗ ಗೂಡು ನೇಯುವುದೂ ಹೆಚ್ಚಾಗಿ ಆಗಲೇ. ನವೆಂಬರಿನಿಂದ ಜನವರಿ ತನಕ ಅಡಿಕೆ ಕೊಯ್ಲು, ಒಬ್ಬ ಆಳೂ ಸಿಗುವುದಿಲ್ಲ. ಹಾಗಾಗಿ ಶಿವರಾತ್ರಿ ಹೊತ್ತಿಗೆ ಶುರು ಮಾಡುವುದೇ ಸರಿ. ನೀರು ಇಳಿದಿರುತ್ತದೆ, ಬುಡ ಕಾಣುತ್ತದೆ, ಕಡಿದದ್ದು ಎರಡು ದಿನಕ್ಕೆ ಒಣಗುತ್ತದೆ. ಒಂದೇ ಒಂದು ಕೆಲಸ ಮಾತ್ರ ಮೇ ಕೊನೆಗೆ ಇಟ್ಟುಕೊಳ್ಳಿ, ಅದನ್ನು ಜೊಂಡಿನ ಮಾತು ಬಂದಾಗ ಹೇಳುತ್ತೇನೆ.

ಇಳಿಯುವ ಮುಂಚೆ ಮೈ ಕಾಪಾಡಿಕೊಳ್ಳುವುದು. ಇದನ್ನು ಓದದೆ ಹಾರಿಸಬೇಡಿ. ಉದ್ದ ಗಮ್ ಬೂಟು, ಉದ್ದ ತೋಳಿನ ಅಂಗಿ, ದಪ್ಪ ಕೈಗವಸು ಬೇಕೇ ಬೇಕು. ಕಾಲಲ್ಲಿ ಗಾಯ ಇದ್ದರೆ ನೀರಿಗೆ ಇಳಿಯಬೇಡಿ, ಇಲಿ ಉಚ್ಚೆ ಸೇರಿದ ನೀರಿನಿಂದ ಇಲಿಜ್ವರ ಬರುತ್ತದೆ. ಹಳುವಿಗೆ ಕೈ ಹಾಕುವ ಮೊದಲು ಉದ್ದ ಕೋಲಿನಿಂದ ಬಡಿದು ಐದು ನಿಮಿಷ ಬಿಡಿ. ನೀರೊಳ್ಳೆ ಸರಕ್ಕನೆ ನೀರಿಗೆ ಹಾರಿಕೊಳ್ಳುತ್ತದೆ, ಅದರಲ್ಲಿ ವಿಷ ಇಲ್ಲ, ಹೆದರಬೇಡಿ. ಹೆದರಬೇಕಾದ್ದು ಕೊಳಕುಮಂಡಲಕ್ಕೆ, ಅದು ಬಡಿದರೂ ಜಾಗ ಬಿಟ್ಟು ಏಳದೆ ದರಗಿನಲ್ಲೇ, ಅಂದರೆ ಉದುರಿದ ಒಣ ಎಲೆಯಲ್ಲೇ, ಮಲಗಿರುತ್ತದೆ. ಅಕಸ್ಮಾತ್ ಹಾವು ಕಚ್ಚಿದರೆ ಕೊಯ್ಯುವುದು, ಹೀರುವುದು, ನಾಟಿ ಔಷಧಿ ಏನೂ ಬೇಡ, ನೇರ ಆಸ್ಪತ್ರೆಗೆ. ಕೊಂಬೆ ಎಳೆಯುವಾಗ ತಲೆ ಎತ್ತಿ ನೋಡಿ, ಕಣಜದ ಗೂಡು, ಚಗಳಿ (ಎಲೆ ಹೆಣೆದು ಗೂಡು ಕಟ್ಟುವ ಕೆಂಪಿರುವೆ) ಕೊಟ್ಟೆ ಎರಡೂ ನೀರಿನ ಹತ್ತಿರವೇ ಜಾಸ್ತಿ. ಚಗಳಿ ಚಟ್ನಿ ಎಷ್ಟೇ ರುಚಿ ಇರಲಿ, ಕುತ್ತಿಗೆಯೊಳಗೆ ಇಳಿದಾಗ ಅದು ನೆನಪಾಗುವುದಿಲ್ಲ.

ಇನ್ನೊಂದು ನಮ್ಮ ಕಡೆಯವರಿಗೇ ವಿಶೇಷವಾಗಿ ಹೇಳಬೇಕಾದ್ದು. ಮಂಗನ ಕಾಯಿಲೆಯ ಉಣುಗು ಹೆಚ್ಚಾಗುವುದು ಡಿಸೆಂಬರಿನಿಂದ ಮೇ ತನಕ, ನಾವು ಹಳು ಸವರುವುದೂ ಆಗಲೇ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಾದ ಕಾಯಿಲೆ ಇದು, ಇನ್ನೂ ಹೋಗಿಲ್ಲ. ಕೆರೆ ಕಾಡಿಗೆ ಒತ್ತಿಕೊಂಡಿದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಣುಗು ಹತ್ತದಂತೆ ತಡೆಯುವ ಡೇಪಾ ಎಣ್ಣೆ ಕೇಳಿ ತಂದು ಕೈಕಾಲಿಗೆ ಹಚ್ಚಿಕೊಂಡೇ ಹೊರಡಿ. ದರಗಿನ ಮೇಲೆ ಕೂತು ಎಲೆ ಅಡಿಕೆ ಹಾಕುವ ಆಸೆ ಬಿಡಿ. ಮನೆಗೆ ಬಂದ ಕೂಡಲೇ ಬಟ್ಟೆ ಬಿಸಿನೀರಿಗೆ, ನೀವು ಬಚ್ಚಲಿಗೆ. ಹತ್ತಿರ ಎಲ್ಲಾದರೂ ಮಂಗ ಸತ್ತು ಬಿದ್ದಿದ್ದರೆ ಅಲ್ಲಿಗೆ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ.

ಒಬ್ಬರೇ ಇಳಿಯಬೇಡಿ. ಈಜು ಬಂದರೂ ಇಳಿಯಬೇಡಿ. ಕೆಸರಿನಲ್ಲಿ ಬೂಟು ಹೂತರೆ ಈಜು ಕೆಲಸಕ್ಕೆ ಬರುವುದಿಲ್ಲ. ದಡದ ಮರಕ್ಕೆ ಹಗ್ಗ ಕಟ್ಟಿ ಇನ್ನೊಂದು ತುದಿ ಸೊಂಟಕ್ಕೆ ಕಟ್ಟಿಕೊಳ್ಳಿ, ಮೇಲೆ ಒಬ್ಬರು ನಿಂತಿರಲಿ.

ಸಾಮಾನು ಜಾಸ್ತಿ ಏನೂ ಬೇಡ. ಒಳ್ಳೆ ಮಸೆದ ಕತ್ತಿ, ಹಲ್ಲಿರುವ ಕುಡುಗೋಲು, ಹಾರೆ, ಗುದ್ದಲಿ, ಬುಟ್ಟಿ, ಒಂದು ದೋಟಿ. ದೋಟಿಯ ತುದಿಗೆ ಕುಡುಗೋಲು ಕಟ್ಟಿಕೊಂಡರೆ ದಡದಲ್ಲಿ ನಿಂತೇ ಎಂಟು ಹತ್ತಡಿ ದೂರದ್ದನ್ನು ಎಳೆದು ಕೊಯ್ಯಬಹುದು. ಹುಲ್ಲು ಹೊಡೆಯುವ ಮೆಷಿನ್ ಇದ್ದರೆ ಏರಿಯ ಮೇಲೆ ಒಳ್ಳೆಯದೇ. ನೀರಿನ ಅಂಚಿಗೆ ತರಬೇಡಿ, ಜಾರಿದರೆ ಬ್ಲೇಡು ಎಲ್ಲಿಗೆ ಬೀಳುತ್ತದೋ ಹೇಳಲಾಗದು. ದಾರ ಹಾಕಿ ಹೊಡೆದರೆ ನೈಲಾನ್ ಚೂರೆಲ್ಲ ನೀರಿಗೆ. ಪೆಟ್ರೋಲು ತುಂಬುವುದೂ ಕೆರೆಯಿಂದ ದೂರ ಹೋಗಿ.

ಈಗ ಜೊಂಡು. ದಡದ ಕೆಲಸದಲ್ಲಿ ಅರ್ಧ ಜಗಳ ಇದರ ಜೊತೆಗೇ. ಆಳೆತ್ತರ ಬೆಳೆದು ತುದಿಗೆ ಕಂದು ಬಣ್ಣದ ಊದುಬತ್ತಿ ಕಟ್ಟಿನಂಥ ತೆನೆ ಬಿಡುತ್ತದಲ್ಲ, ಅದೇ. ಆ ಒಂದೊಂದು ತೆನೆಯಲ್ಲಿ ಲಕ್ಷಕ್ಕೂ ಮಿಕ್ಕಿ ಬೀಜ ಇರುತ್ತದೆ, ಹತ್ತಿಯಂತೆ ಒಡೆದು ಗಾಳಿಗೆ ಹಾರುತ್ತದೆ. ಹಾಗಾಗಿ ಬೇರೇನೂ ಮಾಡಲು ಪುರುಸೊತ್ತಿಲ್ಲದಿದ್ದರೂ ತೆನೆ ಗಟ್ಟಿ ಇರುವಾಗಲೇ ಕೊಯ್ದು ಚೀಲಕ್ಕೆ ತುಂಬಿ. ಅಲ್ಲಾಡಿಸಬೇಡಿ.

ಬೀಜಕ್ಕಿಂತ ದೊಡ್ಡ ತಲೆನೋವು ಬೇರು. ಕೆಸರಿನೊಳಗೆ ಹೆಬ್ಬೆರಳು ದಪ್ಪದ ಬಿಳಿ ಗೆಡ್ಡೆ ಅಡ್ಡಡ್ಡ ಓಡಿರುತ್ತದೆ. ಮೇಲಿನಿಂದ ಎಷ್ಟು ಸವರಿದರೂ ಹದಿನೈದು ದಿನಕ್ಕೆ ಹೊಸ ಮೊಳಕೆ. ಇದನ್ನು ಸೋಲಿಸಲು ಒಂದು ಉಪಾಯ ಇದೆ, ನನಗಂತೂ ಇದು ಗೊತ್ತಾದ ದಿನ ಖುಷಿಯೋ ಖುಷಿ. ಆ ಗೆಡ್ಡೆ ಗಾಳಿ ಇಲ್ಲದ ಕೆಸರಿನಲ್ಲಿ ಬದುಕಿರುವುದು ಎಲೆ ಮತ್ತು ದಂಟಿನೊಳಗಿನ ಟೊಳ್ಳು ಕೊಳವೆಗಳ ಮೂಲಕ ಗಾಳಿ ಕೆಳಗೆ ಇಳಿಯುವುದರಿಂದ. ಒಣಗಿದ ದಂಟು ಕೂಡ ಆ ಕೆಲಸ ಮಾಡುತ್ತದೆ. ಒಂದು ದಂಟು ಅಡ್ಡ ಕೊಯ್ದು ನೋಡಿ, ಒಳಗೆಲ್ಲ ತೂತು ತೂತು ಕಾಣುತ್ತದೆ. ಆ ದಂಟನ್ನು ನೀರಿನ ಕೆಳಗೆ, ಮೇಲ್ಮೈಯಿಂದ ಕನಿಷ್ಠ ಒಂದು ಗೇಣು ಆಳಕ್ಕೆ ಕೊಯ್ದುಬಿಟ್ಟರೆ ಕೊಳವೆಗೆ ನೀರು ನುಗ್ಗುತ್ತದೆ. ಗೆಡ್ಡೆಗೆ ಉಸಿರು ಕಟ್ಟುತ್ತದೆ, ಕೊಳೆಯುತ್ತದೆ. ನೀರಿನ ಮೇಲೆ ಕೊಯ್ದರೆ ಮಾತ್ರ ಮೊಂಡು ದಂಟೇ ಉಸಿರಿನ ಕೊಳವೆಯಾಗಿ ಗೆಡ್ಡೆ ಆರಾಮಾಗಿ ಇರುತ್ತದೆ. ಎರಡಕ್ಕೂ ಒಂದೇ ಶ್ರಮ, ಫಲ ಮಾತ್ರ ಬೇರೆ.

ಫೆಬ್ರವರಿ ಮಾರ್ಚಿನಲ್ಲಿ ನೀರು ನಿಂತಿರುವ ಜಾಗದಲ್ಲಿ ಹೀಗೆ ಕೊಯ್ಯಿರಿ. ಹೊಸ ಮೊಳಕೆ ನೀರಿನಿಂದ ಎರಡಡಿ ಮೇಲೆ ಬಂದಾಗ ಇನ್ನೊಮ್ಮೆ, ಬೇಕಾದರೆ ಮತ್ತೊಮ್ಮೆ. ಮೊದಲೇ ಕೊಯ್ಯಬೇಡಿ, ಮೊಳಕೆ ಎತ್ತರ ಬರುವಷ್ಟರಲ್ಲಿ ಗೆಡ್ಡೆಯಲ್ಲಿ ಕೂಡಿಟ್ಟ ಪಿಷ್ಟ ಖರ್ಚಾಗಿರುತ್ತದೆ, ಆಗ ಕೊಯ್ದರೆ ಅದಕ್ಕೆ ಪೂರ್ತಿ ನಷ್ಟ. ನಮ್ಮಲ್ಲಿ ಎರಡು ವರ್ಷದಲ್ಲಿ ಒಂದು ಪಾಲು ದಡ ಹತೋಟಿಗೆ ಬಂತು.

ನೀರು ಬತ್ತಿದ ಕಡೆ ಈ ಉಪಾಯ ನಡೆಯುವುದಿಲ್ಲ. ಅಲ್ಲಿ ಹಾರೆ ಹಾಕಿ ಗೆಡ್ಡೆ ಎಬ್ಬಿಸಬೇಕು, ತುಂಡು ಉಳಿದರೆ ಅದರಿಂದಲೇ ಚಿಗುರು. ಅಥವಾ ಮೇ ಕೊನೆಯ ತನಕ ಕಾದು, ಮುಂಗಾರಿಗೆ ಸ್ವಲ್ಪ ಮೊದಲು ನೆಲಮಟ್ಟಕ್ಕೆ ಸವರಿಬಿಡಿ. ಜೂನಿನಲ್ಲಿ ಕೆರೆ ತುಂಬಿ ಮೊಂಡುಗಳೆಲ್ಲ ಮುಳುಗುತ್ತವೆ, ನಿಮ್ಮ ಕೆಲಸವನ್ನು ಮಳೆಯೇ ಮುಗಿಸುತ್ತದೆ. ಮೇ ಕೊನೆಗೆ ಇಟ್ಟುಕೊಳ್ಳಿ ಅಂದದ್ದು ಇದನ್ನೇ. ಮಳೆ ತಡವಾದರೆ ಮತ್ತೆ ಚಿಗುರುತ್ತದೆ, ಅದು ನಮ್ಮ ಕೈಯಲ್ಲಿಲ್ಲ.

ಲಂಟಾನಕ್ಕೆ ಬೇರೆ ಲೆಕ್ಕ. 1809ರಲ್ಲಿ ಕಲ್ಕತ್ತದ ಸಸ್ಯೋದ್ಯಾನಕ್ಕೆ ಚೆಂದದ ಹೂವಿನ ಗಿಡ ಅಂತ ತಂದದ್ದು ಈಗ ಊರೆಲ್ಲ ತುಂಬಿದೆ. ಕಡಿದರೆ ಬುಡದಿಂದ ಹತ್ತು ಚಿಗುರು, ಕಿತ್ತರೆ ಇಳಿಜಾರಿನ ಮಣ್ಣೇ ಸಡಿಲ. ಮೇಲಿನ ಕೊಂಬೆ ಸವರಿ ಬುಡ ಕಾಣುವಂತೆ ಮಾಡಿಕೊಂಡು, ಮಣ್ಣಿನಿಂದ ಎರಡು ಇಂಚು ಕೆಳಗೆ ತಾಯಿಬೇರನ್ನು ಗುದ್ದಲಿಯಿಂದ ಒಂದೇ ಏಟಿಗೆ ಕಡಿಯಿರಿ. ಚಿಗುರುವುದು ಬೇರು ಕಾಂಡ ಕೂಡುವ ಗಂಟಿನಿಂದ, ಅದು ಹೊರಗೆ ಬಂದರೆ ಸಾಕು, ಕೆಳಗಿನ ಬೇರು ಮಣ್ಣು ಹಿಡಿದುಕೊಂಡು ಅಲ್ಲೇ ಇರಲಿ. ಕಿತ್ತ ಬುಡವನ್ನು ತಲೆಕೆಳಗು ಮಾಡಿ ಒಣಗಿಸಿ. ದನಕ್ಕೆ ಮಾತ್ರ ಹಾಕಬೇಡಿ, ಅದು ವಿಷ. ಉದ್ದ ಕಡ್ಡಿಗಳನ್ನು ಬೇಲಿಗೆ ಹೆಣೆಯಬಹುದು. ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಅದರಲ್ಲೇ ಕುರ್ಚಿ, ಮೇಜು ಮಾಡುತ್ತಾರೆ, ನಮಗೆ ಅಷ್ಟು ಕೈಚಳಕ ಎಲ್ಲಿಂದ ಬರಬೇಕು.

ಕಮ್ಯುನಿಸ್ಟ್ ಗಿಡ ಸುಲಭ. ಬಿಳಿ ಹೂವು ಒಣಗಿ ಬೀಜ ಹಾರುವ ಮೊದಲು ಕೀಳಿ, ತೋಟಕ್ಕೆ ಸೊಪ್ಪಾಗಿ ಹಾಕಿ.

ತೇಲುವ ಕಳೆ ಇದ್ದರೆ ದಡ ಸವರುವಾಗಲೇ ತೆಗೆದುಬಿಡಿ. ಊದಿದ ತೊಟ್ಟು, ನೀಲಿ ಹೂವಿನ ಜಲಕುಂಬಿ, ಎಲೆಕೋಸಿನ ಮರಿಯಂತೆ ಕಾಣುವ ಅಂತರಗಂಗೆ, ಎರಡೂ ದಡದ ಜೊಂಡಿನೊಳಗೇ ಬಚ್ಚಿಟ್ಟುಕೊಂಡಿರುತ್ತವೆ. ಬಿಸಿಲು, ಗೊಬ್ಬರದ ನೀರು ಸಿಕ್ಕಿದರೆ ಜಲಕುಂಬಿ ಎರಡು ವಾರದಲ್ಲಿ ಎರಡರಷ್ಟಾಗುತ್ತದೆ, ಒಂದು ಗಿಡ ಬಿಟ್ಟರೂ ಬಿಟ್ಟಂತೆಯೇ. ಹಗ್ಗಕ್ಕೆ ಒಣ ಬಿದಿರು ಕಟ್ಟಿ ಕೆರೆಗೆ ಅಡ್ಡ ಎಳೆದು ಒಂದು ಮೂಲೆಗೆ ಒಟ್ಟು ಮಾಡಿ, ಬುಟ್ಟಿಯಲ್ಲಿ ಎತ್ತಿ. ಬೀಜ ಕೆಸರಿನಲ್ಲಿ ವರ್ಷಾನುಗಟ್ಟಲೆ ಜೀವ ಹಿಡಿದಿರುತ್ತದೆ, ಹಾಗಾಗಿ ಹೂ ಬಿಡಲು ಬಿಡಬಾರದು. ಇನ್ನೊಂದು ಕಳ್ಳ ಇದೆ, ಅಲಿಗೇಟರ್ ವೀಡ್. ನೋಡಲು ನಮ್ಮ ಹೊನಗನ್ನೆ ಸೊಪ್ಪಿನಂತೆಯೇ. ಹೊನಗನ್ನೆಯ ಬಿಳಿ ಹೂವು ಎಲೆಯ ಕಂಕುಳಲ್ಲೇ ಅಂಟಿಕೊಂಡಿರುತ್ತದೆ, ಇದರ ಹೂವಿಗೆ ಉದ್ದ ತೊಟ್ಟು ಇರುತ್ತದೆ, ಕಾಂಡ ಟೊಳ್ಳು. ಒಂದು ಗೆಣ್ಣು ನೀರಲ್ಲಿ ತೇಲಿ ಹೋದರೂ ಬೇರೆ ಕಡೆ ಬೇರು ಬಿಡುತ್ತದೆ. ಇದನ್ನು ಕೊಚ್ಚಬೇಡಿ, ಇಡಿಯಾಗಿ ಸುತ್ತಿ ಎಳೆಯಿರಿ. ಹುಲ್ಲುಗೆಂಡೆ ಮೀನು ಬಿಟ್ಟರೆ ಎಲ್ಲ ತಿಂದು ಮುಗಿಸುತ್ತದೆ ಅಂತ ಹೇಳುವವರಿದ್ದಾರೆ. ನೀರೊಳಗಿನ ಮೆದು ಕಳೆಯನ್ನು ತಿನ್ನುತ್ತದೆ ನಿಜ, ಬಲಿತ ಜೊಂಡನ್ನು ಅದು ಮೂಸಿಯೂ ನೋಡುವುದಿಲ್ಲ.

ಕಳೆನಾಶಕದ ಮಾತು ಯಾರಾದರೂ ಎತ್ತೇ ಎತ್ತುತ್ತಾರೆ. ನೀರಿನ ಅಂಚಿಗೆ ಬೇಡವೇ ಬೇಡ. ಗ್ಲೈಫೋಸೇಟ್ ಡಬ್ಬಿಯಲ್ಲಿ ಎಲೆಗೆ ಅಂಟಲೆಂದು ಸೇರಿಸುವ ಸಾಬೂನಿನಂಥ ವಸ್ತು ಇರುತ್ತದಲ್ಲ, ಗೊದಮೊಟ್ಟೆಗಳಿಗೆ ಅದೇ ಕೆಟ್ಟದ್ದು. 2022ರಲ್ಲಿ ಕೇಂದ್ರ ಸರ್ಕಾರವೂ ಕೀಟ ನಿಯಂತ್ರಣದ ಪರವಾನಗಿ ಇರುವವರನ್ನು ಬಿಟ್ಟು ಬೇರೆಯವರು ಅದನ್ನು ಹೊಡೆಯಬಾರದು ಅಂತ ಆದೇಶ ಮಾಡಿದೆ. ಅದಲ್ಲದೆ ಸತ್ತ ಕಳೆ ನೀರಲ್ಲೇ ಕೊಳೆತು ಆಮ್ಲಜನಕ ಹೀರಿಕೊಳ್ಳುತ್ತದೆ, ಬೆಳಿಗ್ಗೆ ಎದ್ದು ನೋಡಿದರೆ ಮೀನೆಲ್ಲ ಬಾಯಿ ಮೇಲೆ ಮಾಡಿಕೊಂಡು ಗಾಳಿ ನುಂಗುತ್ತಿರುತ್ತದೆ.

ಅದೇ ಕಾರಣಕ್ಕೆ ಕೈಯಲ್ಲಿ ಕೊಯ್ದದ್ದನ್ನೂ ನೀರಲ್ಲಿ ಬಿಡಬೇಡಿ, ಅದೇ ದಿನ ಎಳೆದು ಹಾಕಿ. ಎಲ್ಲಿಗೆ? ದಡದ ಮೇಲೆಯೇ ರಾಶಿ ಹಾಕುವುದು ಎಲ್ಲರೂ ಮಾಡುವ ತಪ್ಪು, ಮೊದಲ ಮಳೆಗೆ ಅದರ ರಸವೆಲ್ಲ ಕೆರೆಗೆ ಇಳಿದು ಹೊಸ ಕಳೆಗೆ ಗೊಬ್ಬರ ಆಗುತ್ತದೆ. ಒಂದು ರಾತ್ರಿ ಮಾತ್ರ ಅಂಚಿಗೆ ಬಿಡಿ, ಸಿಕ್ಕಿಕೊಂಡ ಮೀನು ಮರಿ, ಕಪ್ಪೆ, ಏಡಿ ವಾಪಸ್ ನೀರಿಗೆ ಹೋಗಲಿ. ಮರುದಿನ ಹೊತ್ತು ದೂರ ಹಾಕಿ. ಗೆಡ್ಡೆ, ಜಲಕುಂಬಿ, ಅಲಿಗೇಟರ್ ವೀಡ್ ಕಲ್ಲಿನ ಮೇಲೆ ವಾರಗಟ್ಟಲೆ ಗರಿಗರಿ ಒಣಗಬೇಕು, ಆಮೇಲೆ ಸಗಣಿ ಜೊತೆ ಗೊಬ್ಬರ ಗುಂಡಿಗೆ. ಜೊಂಡಿನ ಎಲೆ ಅಡಿಕೆ ಬುಡಕ್ಕೆ ಒಳ್ಳೆ ಮುಚ್ಚಿಗೆ. ಬೇಸಿಗೆಯಲ್ಲಿ ತೇವ ಹಿಡಿಯುವುದಕ್ಕೆ ದರಗಿಗಿಂತ ಇದೇ ಮೇಲು ಅಂತ ನನ್ನ ಅಭಿಪ್ರಾಯ, ಅಪ್ಪಯ್ಯ ಈಗಲೂ ಒಪ್ಪುವುದಿಲ್ಲ.

ಏರಿಯ ಮೇಲಿನ ಗಿಡಗಳ ವಿಷಯದಲ್ಲಿ ಸ್ವಲ್ಪ ಯೋಚಿಸಿ ಕತ್ತಿ ಎತ್ತಿ. ಮಣಿಕಟ್ಟಿಗಿಂತ ಸಣ್ಣದನ್ನು ವರ್ಷವರ್ಷ ತೆಗೆಯುತ್ತಿರಿ. ಹಳೆಯ ದೊಡ್ಡ ಮರವಾದರೆ ಕಡಿಯುವ ಅವಸರ ಬೇಡ, ಬುಡ ಸಮೇತ ಕೀಳುವುದಂತೂ ಬೇಡವೇ ಬೇಡ. ಮರ ಸತ್ತರೆ ಅದರ ಬೇರು ಏರಿಯೊಳಗೆ ಕೊಳೆತು ಕೊಳವೆಯಾಗುತ್ತದೆ, ಅದರಲ್ಲೇ ನೀರು ದಾರಿ ಮಾಡಿಕೊಳ್ಳುತ್ತದೆ. ನೀರಿನ ಮೇಲೆ ಚಾಚಿದ ಕೊಂಬೆ ಸವರಿದರೆ ಸಾಕು, ಅದೂ ಎಲ್ಲ ಅಲ್ಲ, ಮಿಂಚುಳ್ಳಿಗೆ ಕೂರಲು ಒಂದೆರಡು ಬಿಡಿ. ಕಲ್ಲು ಕಟ್ಟಿದ ಮೆಟ್ಟಿಲಿನ ಸಂದಿಯಲ್ಲಿ ಅತ್ತಿ, ಆಲದ ಮೊಳಕೆ ಕಂಡರೆ ಮಾತ್ರ ಆ ಕ್ಷಣವೇ ಕೀಳಿ. ಹಳು ಹೋದ ಮೇಲೆ ಏರಿಯನ್ನು ಇನ್ನೊಮ್ಮೆ ನಡೆದು ನೋಡಿ. ಏಡಿ ಬಿಲ, ಹೆಗ್ಗಣದ ಬಿಲ, ಹೊರಗಡೆ ಒಸರುವ ಜಾಗ ಎಲ್ಲ ಈಗಲೇ ಕಾಣುವುದು. ಜೇಡಿಮಣ್ಣು ತುರುಕಿ ಹಾರೆ ಹಿಡಿಯಿಂದ ಗಟ್ಟಿ ಜಡಿಯಿರಿ.

ಖಾಲಿಯಾದ ಜಾಗ ಖಾಲಿ ಇರುವುದಿಲ್ಲ, ನೀವು ನೆಡದಿದ್ದರೆ ಜೊಂಡೇ ಬಂದು ಕೂರುತ್ತದೆ. ಅಂಚಿನ ಹಸಿ ಮಣ್ಣಿಗೆ ಒಂದೆಲಗ, ನೀರುಬ್ರಾಹ್ಮಿ, ಬಜೆ, ಕೆಸು ಹಾಕಿ. ತಂಬುಳಿಗೂ ಪತ್ರೊಡೆಗೂ ಆಯಿತು, ದಡವೂ ಹಿಡಿಯಿತು. ಧರೆ ಜಾರುವ ಕಡೆ ಲಾವಂಚ, ಅರ್ಧ ಅಡಿಗೊಂದರಂತೆ ಅಡ್ಡ ಸಾಲಿನಲ್ಲಿ, ಮೊದಲ ಮಳೆ ಬಿದ್ದ ಕೂಡಲೇ ನೆಡಬೇಕು. ಅದರ ಬೇರು ಹತ್ತಡಿ ಆಳಕ್ಕೂ ಇಳಿಯುತ್ತದೆ. ನನ್ನ ಜೆಸಿಬಿ ಕುಸಿತ ನಿಂತದ್ದು ಇದರಿಂದಲೇ. ನೀರು ಬರುವ ಬಾಯಲ್ಲಿ ಕೇದಿಗೆ ಇದ್ದರೆ ಮುಳ್ಳಿಗೆ ಬೈದುಕೊಂಡಾದರೂ ಬಿಡಿ.

ನಿಮ್ಮದು ಪ್ಲಾಸ್ಟಿಕ್ ಹಾಸಿದ ಕೃಷಿ ಹೊಂಡವಾದರೆ ಮೇಲೆ ಹೇಳಿದ ಹಾರೆ, ಗುದ್ದಲಿ, ಕತ್ತಿ ಯಾವುದೂ ಅಂಚಿಗೆ ಬರಬಾರದು, ಎಲ್ಲ ಕೈಯಲ್ಲೇ ಕೀಳಬೇಕು. ಹಾಳೆಯ ಮೇಲೆ ಕಾಲಿಡಬೇಡಿ, ಪಾಚಿ ಹಿಡಿದ ಪ್ಲಾಸ್ಟಿಕ್ಕಿನ ಇಳಿಜಾರಿನಿಂದ ಹತ್ತಿ ಬರಲು ದೊಡ್ಡವರಿಗೂ ಆಗುವುದಿಲ್ಲ. ಎರಡು ಕಡೆ ಗಂಟು ಹಾಕಿದ ಹಗ್ಗ ಇಳಿಬಿಟ್ಟು ಗೂಟಕ್ಕೆ ಕಟ್ಟಿ, ಸುತ್ತ ಬೇಲಿ ಮಾಡಿ. ಊರ ಕೆರೆಯಾದರೆ ಗ್ರಾಮ ಪಂಚಾಯ್ತಿಗೆ ಹೇಳದೆ ಕೈ ಹಾಕಬೇಡಿ, ಮೀನು ಹಿಡಿಯುವ ಗುತ್ತಿಗೆ ಯಾರದ್ದೋ ಇರುತ್ತದೆ, ಜಗಳ ಗ್ಯಾರಂಟಿ. ಉದ್ಯೋಗ ಖಾತ್ರಿಯಲ್ಲಿ ಮಾಡಿಸಬಹುದಾ ಅಂತಲೂ ಅಲ್ಲೇ ಕೇಳಿ.

ಜೂನ್ ಎರಡನೇ ವಾರ ಒಂದು ಸುತ್ತು ಹೋಗಿ ಕೋಡಿಗೆ ಕಸ ಸಿಕ್ಕಿದೆಯಾ, ಲಾವಂಚ ಹಿಡಿದಿದೆಯಾ ನೋಡಿ. ಬಿಟ್ಟುಹೋದ ಜಲಕುಂಬಿ ಕಂಡರೆ ದೋಟಿಯಲ್ಲಿ ಎಳೆಯಿರಿ. ಪಂಪಿನ ಫುಟ್‌ವಾಲ್ವಿಗೆ ಸುತ್ತಿಕೊಂಡ ಬೇರು, ನಾರು ಬಿಡಿಸುವುದನ್ನು ಮಾತ್ರ ಜೂನಿಗೆ ಇಡಬೇಡಿ, ಅದು ಮಾರ್ಚಿನಲ್ಲೇ ಮಾಡುವ ಕೆಲಸ. ಈ ಸಲ ನಾನು ಮರೆತಿದ್ದೆ, ಆ ತಣ್ಣನೆ ನೀರಿಗೆ ಕುತ್ತಿಗೆ ತನಕ ಇಳಿಯಬೇಕಾಯಿತು.